ಮಂಡಿ ಗಟ್ಟಿಯಾಗಿದೆ ಅಂತಾರೆ, ಮೆಟ್ಟಿಲು ಇಳಿಯೋಕೆ ಮಾತ್ರ ಕಾಲೇ ಬರ್ತಿಲ್ಲ

ಹಳ್ಳದಾಚೆ ಟೀಚರ್ · ಜುಲೈ ಮೂರನೇ ವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಳ್ಳದೆ ಓದಿ.

ನನಗೆ 41 ವರ್ಷ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿ, ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಹವ್ಯಾಸಕ್ಕೆ ಯಕ್ಷಗಾನ. ನಮ್ಮದೇ ಹೆಂಗಸರ ತಂಡ ಇದೆ, ವರ್ಷಕ್ಕೆ ಆರೆಂಟು ಆಟ ಆಗ್ತದೆ, ನಂದು ಪುಂಡುವೇಷ, ಅಂದ್ರೆ ಹಾರಿ ಕುಣಿಯೋ ಎಳೆ ವೀರರ ಪಾತ್ರ. ಕಳೆದ ಡಿಸೆಂಬರ್ ಮೊದಲ ವಾರ ಅಭಿಮನ್ಯುವಿನ ಪ್ರವೇಶ ಅಭ್ಯಾಸ ಮಾಡ್ತಾ ಇದ್ದೆ. ಎಲ್ಲರೂ ಮೊದಲು ಕೇಳೋದು "ಮಂಡಿ ಹಾಕುವಾಗ ಆಯ್ತಾ" ಅಂತ. ಅಲ್ಲ ಮಾರಾಯ್ರೆ, ಮಂಡಿ ಊರಿ ತಿರುಗೋ ಮಂಡಿಕುಣಿತ ಚೆನ್ನಾಗೇ ಮುಗಿದಿತ್ತು. ಎದ್ದು ಒಂದು ಹಾರು ಹಾರಿ ತಿರುಗಿ ಇಳಿದೆ. ಎಡಗಾಲಿನ ಬೆರಳು ಜಮಖಾನೆ ಮಡಿಕೆಯಲ್ಲಿ ಸಿಕ್ಕಿ ಪಾದ ಅಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಟಕ್ ಅಂತ ಒಂದು ಸದ್ದು. ಮದ್ದಳೆಯವರಿಗೂ ಕೇಳಿತ್ತಂತೆ.

ಎರಡು ತಾಸಿನೊಳಗೆ ಮಂಡಿ ಸಣ್ಣ ತೆಂಗಿನಕಾಯಿ ಆಗಿತ್ತು. ಮೂರು ವಾರ ಎಣ್ಣೆ ಉಜ್ಜಿಸಿಕೊಂಡು ಕೂತೆ (ಇದಕ್ಕೆ ಬೈಯೋರು ಬೈಯಿರಿ, ಆಗಲೇ ತುಂಬ ಜನ ಬೈದಾಗಿದೆ). ಬಾವು ಇಳಿಯಿತು, ಸರಿಹೋಯ್ತು ಅಂದ್ಕೊಂಡೆ. ಸಂಕ್ರಾಂತಿ ಹೊತ್ತಿಗೆ ಬಸ್ ಇಳಿಯುವಾಗ ಮೇಲಿನ ಎಲುಬು ಒಂದು ಕಡೆ, ಕೆಳಗಿನ ಎಲುಬು ಇನ್ನೊಂದು ಕಡೆ ಜರುಗಿದ ಹಾಗಾಯ್ತು. ಬಿದ್ದೆ. ಆಮೇಲೆ ಸ್ನಾನದ ಮನೆಯಲ್ಲಿ ಒಮ್ಮೆ, ಕೊಟ್ಟಿಗೆಯಲ್ಲಿ ಒಮ್ಮೆ. ಎಂಆರ್‌ಐ ಮಾಡಿಸಿದ್ರೆ ಎಸಿಎಲ್ (ಮಂಡಿಯೊಳಗೆ ಮೇಲಿನ, ಕೆಳಗಿನ ಎಲುಬು ಜರುಗದ ಹಾಗೆ ಹಿಡಿದಿಡೋ ಹಗ್ಗ) ಪೂರ್ತಿ ಹರಿದಿದೆ ಅಂದ್ರು. ಫೆಬ್ರವರಿ ನಡುವಿನಲ್ಲಿ ಆಪರೇಶನ್ ಆಯ್ತು, ಅದೇ ಕಾಲಿನ ತೊಡೆ ಹಿಂಬದಿಯ ಸ್ನಾಯುವಿನ ಹಗ್ಗ (ಸ್ನಾಯುರಜ್ಜು) ತೆಗೆದು ಒಳಗೆ ಕಟ್ಟಿದ್ದಾರೆ.

ಈಗ ಐದು ತಿಂಗಳು. ಡಾಕ್ಟರು ಮಂಡಿ ಎಳೆದು ನೋಡಿ "ಗಟ್ಟಿ ಕೂತಿದೆ" ಅಂದ್ರು. ಕಾಲು ಪೂರ್ತಿ ನೇರ ಆಗ್ತದೆ, ಮಡಚೋದೂ ಹೆಚ್ಚುಕಡಿಮೆ ಬಂದಿದೆ. ಜೂನ್‌ನಿಂದ ಶಾಲೆಗೂ ಹೋಗ್ತಾ ಇದ್ದೇನೆ. ತೊಂದರೆ ಇರೋದು ನನ್ನ ತಲೆಯಲ್ಲಿ ಅಂತ ಎಲ್ಲರ ತೀರ್ಮಾನ.

ನಮ್ಮನೆ ಗುಡ್ಡದ ಮೇಲೆ. ಅಂಗಳದಿಂದ ಕೆಳಗೆ ಹಳ್ಳಕ್ಕೆ 14 ಜಂಬಿಟ್ಟಿಗೆ ಮೆಟ್ಟಿಲು, ನಡುವೆ ಒಂದು ದಣಪೆ (ಬೇಲಿ ದಾಟೋ ಜಾಗ), ಆಮೇಲೆ ಹಳ್ಳ ದಾಟೋ ಕಿರುಸೇತುವೆ, ಅಂದ್ರೆ ಕಾಲುಸಂಕ, ಅದರಾಚೆ ಶಾಲೆ. ಹತ್ತು ನಿಮಿಷದ ದಾರಿ. ಹದಿನೇಳು ವರ್ಷ ಚೀಲ, ಕೊಡೆ, ಪರೀಕ್ಷೆ ಪೇಪರಿನ ಕಟ್ಟು ಹಿಡ್ಕೊಂಡು ಆ ಸಂಕ ದಾಟಿದವಳು ನಾನು. ಈಗ ಎರಡನೇ ಮೆಟ್ಟಿಲಿಗೆ ಬಂದರೆ ಎಡಗಾಲು ಮಡಚೋದೇ ಇಲ್ಲ. ಮರದ ಕಾಲಿನ ಹಾಗೆ ನೇರ ಇಟ್ಟು, ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ಇಳೀತೇನೆ. ದಣಪೆ ಹತ್ರ ಬಂದ್ರೆ ಬೆನ್ನಲ್ಲಿ ಬೆವರು. ಸಂಕದ ಮಾತೇ ಬೇಡ. ನಮ್ಮನೆಯವರು ಟಾರ್ ರಸ್ತೆ ಸುತ್ತಿ ಬೈಕಲ್ಲಿ ಬಿಡ್ತಾರೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯೋ ಸಮಯ, ಮಳೆ ಬಿಟ್ಟ ಒಂದು ತಾಸು ಚಿನ್ನ ಇದ್ದ ಹಾಗೆ, ಅದನ್ನ ನನಗೋಸ್ಕರ ಬಿಟ್ಟು ಬರ್ತಾರೆ. ಅವರು ಏನೂ ಅನ್ನೋದಿಲ್ಲ, ಅದೇ ಇನ್ನೂ ಕಷ್ಟ.

ಇನ್ನೊಂದು ಹೇಳೋಕೆ ನಾಚಿಕೆ. ತರಗತಿಯಲ್ಲಿ ಬರೆಯುವಾಗ ಬಳಪ ಟಕ್ ಅಂತ ಮುರೀತದಲ್ಲ, ಆ ಸದ್ದಿಗೆ ನನ್ನ ಎಡಗೈ ತಾನಾಗಿ ಮಂಡಿಗೆ ಹೋಗ್ತದೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ಇದನ್ನ ಕಂಡುಹಿಡಿದಿದ್ದಾನೆ. "ಟೀಚರ್, ಬಳಪ ಮುರಿದ್ರೆ ನಿಮಗೆ ನೋವಾಗ್ತದಾ" ಅಂತ ಕೇಳಿದ.

ವಾರಕ್ಕೊಮ್ಮೆ ಪೇಟೆಗೆ ಫಿಸಿಯೋಥೆರಪಿಗೆ ಹೋಗ್ತೇನೆ. ಅಲ್ಲಿ ಒಂದೇ ಹಾಲ್‌ನಲ್ಲಿ ಆರು ಮಂದಿ, ಒಬ್ಬರೇ ಫಿಸಿಯೋ. ಭಯ ಆಗ್ತದೆ ಅಂದ್ರೆ "ಹೆದರ್ಬೇಡಿ, ಏನೂ ಆಗಲ್ಲ" ಅಂತ ಹೇಳಿ ಮುಂದಿನ ಮಂಚಕ್ಕೆ ಹೋಗ್ತಾರೆ. ಹೆದರಬಾರದು ಅಂತ ನನಗೂ ಗೊತ್ತು. ತೊಡೆಗೆ ವ್ಯಾಯಾಮ ಇದೆ, ಮೀನಖಂಡಕ್ಕೆ ಇದೆ. ಹೆದರಿಕೆಗೆ ಏನು ವ್ಯಾಯಾಮ? ಎಷ್ಟು ಸಲ, ದಿನಕ್ಕೆ ಎಷ್ಟು ಹೊತ್ತು? ಹಾಗೆ ಹೇಳೋರು ಯಾರಾದ್ರೂ ಇದ್ರೆ ಹೇಳಿ.

---

ಪಾಸಿಟಿವ್ ಪಯಣಿಗ

ಮೇಡಂ, ಎಲ್ಲ ಮನಸ್ಸಿನ ಆಟ. ಒಂದು ಒಳ್ಳೆ ನೀ ಕ್ಯಾಪ್ (ಮಂಡಿಗೆ ಹಾಕೋ ಬಿಗಿ ಪಟ್ಟಿ) ತಗೊಳ್ಳಿ, ದಿನವಿಡೀ ಹಾಕ್ಕೊಂಡಿರಿ, ಧೈರ್ಯ ತಾನಾಗೇ ಬರುತ್ತೆ. ಮನಸ್ಸಿದ್ದರೆ ಮಾರ್ಗ. ಕಣ್ಣು ಮುಚ್ಚಿ ಸಂಕ ದಾಟಿಬಿಡಿ, ಒಂದು ಸಲ ದಾಟಿದರೆ ಭಯ ಹೋಯ್ತು!

---

ಮಂಡ್ಯ ರೈಡರ್

ಮೇಲಿನ ಅಣ್ಣಂಗೆ: ಕಣ್ಣು ಮುಚ್ಕೊಂಡು ಸಂಕ ದಾಟೋದು ಅಂದ್ರೆ ಏನು ಅಂತ ಮೊದ್ಲು ನೀವೇ ಒಂದ್ಸಲ ದಾಟಿ ಬಂದು ಹೇಳಿ.

ಅಕ್ಕ, ನಂದು ಎರಡು ಸಲ ಆಗೈತೆ ಕಣಕ್ಕ, ಅದಕ್ಕೇ ಬರೀತಾ ಇವ್ನಿ. ಊರ ಟೀಮ್‌ನಲ್ಲಿ ಕಬಡ್ಡಿ ಆಡ್ತಿದ್ದೆ, ರೈಡರ್. ಮೊದಲನೇ ಸಲ ಎಸಿಎಲ್ ಹೋದಾಗ ನಂಗೆ ಭಯ ಅನ್ನೋದೇ ಇರ್ನಿಲ್ಲ. ಎಲ್ರೂ ಕುಸ್ತಿಪಟು ವಿನೇಶ್ ಫೋಗಟ್ ವಿಡಿಯೋ ತೋರಿಸೋರು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಮಂಡಿ ಹೋಗಿ ಸ್ಟ್ರೆಚರ್ ಮೇಲೆ ಹೊತ್ಕೊಂಡ್ ಹೋದ್ರು, 2018ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಹೊಡೆದ್ರು, ನೋಡು ಅಂತ. ಚಿನ್ನ ತೋರ್ಸಿದ್ರು, ಮಧ್ಯದ ಎರಡು ವರ್ಷ ಯಾರೂ ತೋರಿಸ್ನಿಲ್ಲ. ನಾನು ಐದೂವರೆ ತಿಂಗಳಿಗೆ ಊರ ಹಬ್ಬದ ಟೂರ್ನಮೆಂಟ್‌ಗೆ ಇಳಿದ್ಬುಟ್ಟೆ. ಮೂರನೇ ರೈಡು. ಬೋನಸ್ ಗೆರೆ ಹತ್ರ ತಿರುಗಿದೆ ಅಷ್ಟೇ, ಯಾವನೂ ಮುಟ್ಟೇ ಇರ್ನಿಲ್ಲ. ಹೋಯ್ತು. ನಿಮ್ಗೆ ಕೇಳಿಸ್ತಲ್ಲ, ಅದೇ ಸದ್ದು.

ಎರಡನೇ ಆಪರೇಶನ್ ಆದ್ಮೇಲೆ ಉಲ್ಟಾ. ಬೈಕ್ ಸ್ಟ್ಯಾಂಡ್ ಹಾಕೋಕೂ ಭಯ. ಮ್ಯಾಟ್ ಕಂಡ್ರೆ ಹೊಟ್ಟೆ ತೊಳಸೋದು. ಒಂದ್ ವರ್ಷ ಆಟದ ಮೈದಾನದ ಕಡೆ ತಲೆ ಹಾಕ್ನಿಲ್ಲ. ಆಮೇಲೆ ಏನ್ ಮಾಡ್ದೆ ಅಂದ್ರೆ, ಬೆಳಗ್ಗೆ ಆರು ಗಂಟೆಗೆ ಯಾರೂ ಇಲ್ದಾಗ ಹೋಗಿ ಅಂಕಣದಲ್ಲಿ ಸುಮ್ನೆ ನಡೀತಿದ್ದೆ. ಒಂದ್ ವಾರ ಬರೀ ನಡಿಗೆ. ಆಮೇಲೆ ಎದುರಾಳಿ ಇಲ್ದೆ ಕಬಡ್ಡಿ ಕಬಡ್ಡಿ ಅಂತ ರೈಡು. ನೋಡಿದೋರು ಹುಚ್ಚ ಅಂದಿರ್ಬೇಕು. ಆಮೇಲೆ ತಮ್ಮಂಗೆ ಹೇಳಿ ಕಾಲು ಹಿಡಿಸ್ಕೊಂಡೆ. "ಮೂರು ಎಣಿಸ್ತೀನಿ, ಮೂರಕ್ಕೆ ಹಿಡಿ, ಬಿಡು ಅಂದ್ರೆ ಬಿಡು." ಮೊದಲನೇ ದಿನ ಅವನು ಕೈ ಇಡೋ ಮುಂಚೇನೇ ಬಿಡು ಬಿಡು ಅಂತ ಕಿರುಚ್ಕೊಂಡಿದ್ದೆ. ಇಪ್ಪತ್ತು ದಿನ ಆದ್ಮೇಲೆ ಎಣಿಸೋದು ಬಿಟ್ಟೆ. ಅವನಿಗಿಷ್ಟ ಬಂದಾಗ ಹಿಡಿಯೋನು.

ಈಗ ಆಡ್ತೀನಿ, ಮೊದಲಿನಷ್ಟಿಲ್ಲ. ಭಯ ಪೂರ್ತಿ ಹೋಗೈತಾ? ಇಲ್ಲ ಕಣಕ್ಕ. ನಮ್ಮೂರ ಬೀದೀಲಿ ನಾಯಿ ಐತಲ್ಲ, ಹಂಗೆ ಕೂತಿರ್ತದೆ. ನೋಡ್ಕೊಂಡು ಪಕ್ಕದಲ್ಲೇ ಹೋಗೋದು.

---

ಹುಬ್ಳಿ ಫಿಸಿಯೋ

ನಮಸ್ಕಾರ್ರಿ ಟೀಚರ್. ಹುಬ್ಬಳ್ಳಿಯಾಗ ಹನ್ನೆರಡು ವರ್ಷದಿಂದ ಇದ ಕೆಲಸ ಮಾಡಾಕತ್ತೀನಿ. ನಮ್ಮ ಕಡೆ ಮಣಕಾಲು ಅಂತೀವಿ, ನಿಮ್ಮ ಮಂಡಿ ಅಂದ್ರ ನನಗ ಅಡಿಕಿ ಮಂಡಿನ ನೆನಪಾಗತದ. ಮುಟ್ಟಿ ನೋಡದ ಹೇಳೂ ಮಾತು ಇದು, ಹಂಗಾಗಿ ನಿಮ್ಮ ಫಿಸಿಯೋ ಮುಂದ ಇದನ್ನ ಇಟ್ಟು ಒಮ್ಮೆ ಕೇಳ್ರಿ. ಅವರಿಗೆ ಆರು ಮಂದಿ ಇದ್ರೂ ಪರವಾಗಿಲ್ಲ, ಹತ್ತು ನಿಮಿಷ ನನಗ ಬೇಕು ಅಂತ ಕೂತು ಕೇಳ್ರಿ.

ಮೊದಲನೇ ಪ್ರಶ್ನಿ ನಂದು. ಆಪರೇಶನ್ ಆದಮ್ಯಾಲೆ ಮಣಕಾಲು ಖರೇನ ಜರುಗೇದನೋ, ಇಲ್ಲಾ ಜರುಗತದ ಅಂತ ಅನಸ್ತದನೋ? ಇವೆರಡೂ ಬ್ಯಾರೆ. ಖರೇನ ಜರುಗಿ, ಮರುದಿನ ಬಾವು ಬಂದ್ರ ಇಲ್ಲಿ ಓದೂದು ಬಿಟ್ಟು ಡಾಕ್ಟರ ಕಡೆ ಹೋಗ್ರಿ. ಮಡಚಿದ್ದು ಬಿಚ್ಚಲಾರದಂಗ ಸಿಕ್ಕೊಂಡ್ರೂ ಹೋಗ್ರಿ, ಮೀನಖಂಡ ಬಾತು ಬಿಸಿ ಆದ್ರಂತೂ ಅವತ್ತ ಹೋಗ್ರಿ. ಇನ್ನೊಂದು ನಮೂನಿ ಅದ: ಎಲುಬು ಜರುಗೂದಿಲ್ಲ, ಮಣಕಾಲು ಮುಂದ ಮಡಚಿ ಸುಮ್ನ ಕುಸೀತದ. ಅದು ಹಗ್ಗದ ತಪ್ಪಲ್ಲ, ತೊಡಿ ಮುಂದಿನ ಸ್ನಾಯು ಸೋತದ್ದು. ಪೆಟ್ಟು ಬಿದ್ದು ಒಳಗ ನೀರು ತುಂಬಿದ ಮಣಕಾಲಿನ ಸುತ್ತ ಆ ಸ್ನಾಯುವನ್ನ ಮೈಯೇ ಬಂದ್ ಮಾಡಿಬಿಡ್ತದ. ನೀವು ಎಷ್ಟ ಧೈರ್ಯವಂತರಿದ್ರೂ ಅದು ಕೇಳೂದಿಲ್ಲ.

ಯಾಕ ಇಳಿಯೂದ ತ್ರಾಸು ಅಂದ್ರ, ಹತ್ತುವಾಗ ಸ್ನಾಯು ಎಳೀಬೇಕು, ಇಳಿಯುವಾಗ ತಡದು ತಡದು ಬಿಡಬೇಕು. ಬಾವಿಗೆ ಭಾರದ ಕೊಡ ಇಳಿಸುವಾಗ ಹಗ್ಗ ಕೈಯಾಗ ಹಿಡದು ಹಿಡದು ಬಿಡ್ತೀವಲ್ಲ, ಹಂಗ. ಆ ಕೈಗೆ ಶಕ್ತಿ ಇಲ್ಲ ಅಂದ್ರ ಹೆದರಿಕಿ ಬರೂದು ನ್ಯಾಯ. ಅದಕ್ಕ "ಎಲ್ಲಾ ನಿಮ್ಮ ತಲಿಯಾಗ ಅದ" ಅನ್ನೂದನ್ನ ನಾ ಒಪ್ಪೂದಿಲ್ರಿ. ಅರ್ಧ ನಿಮ್ಮ ತೊಡಿಯಾಗೂ ಇರಬಹುದು. ಅಳದೀರೇನು? ಮನ್ಯಾಗ ಮಾಡೂವಂಥದ್ದು: ಗೋಡಿಗೆ ಆನಿಸಿದ ಗಟ್ಟಿ ಕುರ್ಚಿ ಮ್ಯಾಲೆ ಕೂತು, ಕೈ ಎದಿ ಮ್ಯಾಲೆ ಇಟ್ಟು, ಬಲಗಾಲು ಒಂದರ ಮ್ಯಾಲೆ ಎಷ್ಟು ಸಲ ಏಳ್ತೀರಿ ಎಣಸ್ರಿ. ಆಮ್ಯಾಲೆ ಎಡಗಾಲು. ಬಾಜೂಕ ಒಬ್ಬರು ನಿಂದರಲಿ. ಎಡಗಾಲು ಬಲಗಾಲಿನ ನೂರಕ್ಕ 90ರಷ್ಟು ಆಗೂ ತನಕ ನಾವು ಜಿಗಿಯೂ ಆಟಕ್ಕ ಬಿಡೂದಿಲ್ಲ. ದವಾಖಾನ್ಯಾಗ ಮಶಿನ್ ಮ್ಯಾಲೆ ಅಳೀತೀವಿ, ಇದು ಬಡವರ ತಕ್ಕಡಿ.

ಈಗ ಹೆದರಿಕಿ ವ್ಯಾಯಾಮ. ಹಗ್ಗ ಕಂಡು ಹಾವು ಅಂತ ಹೆದರೂದು ಅಂತಾರಲ್ಲ. ನಿಮ್ಮ ಪಟ್ಟಿಯಾಗ ಹಗ್ಗನೂ ಅದಾವ, ಖರೇ ಹಾವೂ ಅದಾವ. ಒಂದು ಹಾಳಿ ತಗೊಂಡು ಯಾವುದಕ್ಕ ಎಷ್ಟು ಹೆದರಿಕಿ ಅಂತ ಹತ್ತಕ್ಕ ನಂಬರ್ ಕೊಟ್ಟು ಬರೀರಿ. ಬಳಪದ ಸದ್ದು: ಅದು ಹಗ್ಗ. ಒಣಗಿದ ಮೆಟ್ಟಲಾ ಹಗಲಿನ್ಯಾಗ ಗೋಡಿ ಹಿಡದು ಇಳಿಯೂದು: ಹಗ್ಗ. ಜುಲೈ ಮಳಿಯಾಗ ಪಾಚಿಗಟ್ಟಿದ ಸಂಕ: ಅದು ಹಾವು! ಎರಡೂ ಮಣಕಾಲು ಗಟ್ಟಿ ಇದ್ದವರೂ ಅದಕ್ಕ ಹೆದರಬೇಕು. ಆ ಹೆದರಿಕಿ ಬಿಡಬ್ಯಾಡ್ರಿ, ಅದಕ್ಕ ನಾಚಿಕೊಳ್ಳಬ್ಯಾಡ್ರಿ. ಮಳಿಗಾಲ ಮುಗಿಯೂ ತನಕ ಯಜಮಾನ್ರ ಬೈಕ್ ಇರ್ಲಿ.

ಹಗ್ಗಗಳೊಳಗ ಮೂರೋ ನಾಲ್ಕೋ ನಂಬರಿನ್ದು ಒಂದು ಹಿಡೀರಿ, ಎಂಟರದ್ದಲ್ಲ. ಮನಿ ಒಳಗ ನಾಲ್ಕು ಇಂಚು ಎತ್ತರದ ಮಣಿ (ಮಣೆ) ಇಲ್ಲಾ ಗಟ್ಟಿ ಹಲಗಿ ಇಟ್ಟು, ಎಡಗಾಲು ಮ್ಯಾಲೆ ನಿಂತು, ಬಲಗಾಲಿನ ಹಿಮ್ಮಡಿ ನೆಲಕ್ಕ ಮುಟ್ಟೂ ಹಂಗ ಸಾವಕಾಶ ಇಳೀರಿ. ಮೂರು ಎಣಸೂ ತನಕ ಇಳಿಯೂದು, ಧಪ್ ಅಂತ ಬಿಡೂದಲ್ಲ. ಹತ್ತು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಯಾರಿಗಾದ್ರೂ ಮುಂದಿನಿಂದ ವಿಡಿಯೋ ತಗೀಲಿಕ್ಕೆ ಹೇಳ್ರಿ, ಮಣಕಾಲು ಒಳಗ ವಾಲತದನು ನೋಡ್ರಿ. ಮಾಡುವಾಗ ಹತ್ತಕ್ಕ ಮೂರರ ತನಕ ನೋವು ನಡೀತದ. ಮರುದಿನ ಮುಂಜಾನೆ ಬಾವು ಹೆಚ್ಚಾಗಿದ್ರ ಹಿಂದಿನ ದಿನ ಜಾಸ್ತಿ ಆಯ್ತು ಅಂತ ತಿಳೀರಿ. ಬಾವು ಇಲ್ಲಂದ್ರ ಮಣಕಾಲು ಪಾಸ್ ಆತು ಅಂತ ಹಾಳಿ ಮ್ಯಾಲೆ ತಾರೀಖು ಹಾಕಿ ಬರೀರಿ. ಇದು ಭಾಳ ಮುಖ್ಯ. ಹೆದರಿಕಿ ಮಾತಿನಿಂದ ಹೋಗೂದಿಲ್ಲ, ಲೆಕ್ಕದಿಂದ ಸ್ವಲ್ಪ ಸ್ವಲ್ಪ ಕರಗತದ.

ಗೋಡಿ ಹಿಡಿಯೂದನ್ನೂ ಒಮ್ಮೆಲೆ ಬಿಡಬ್ಯಾಡ್ರಿ. ಒಂದು ವಾರ ಪೂರ್ತಿ ಅಂಗೈ, ಆಮ್ಯಾಲೆ ಎರಡು ಬೆರಳು, ಆಮ್ಯಾಲೆ ಕೈ ಗೋಡಿ ಸನೇಕ, ಮುಟ್ಟಲಾರದಂಗ.

ಮತ್ತ ಹಾರೂ ಕುಣಿತ ಈಗ ಬ್ಯಾಡ. ಐದು ತಿಂಗಳಿಗೆ ಒಳಗಿನ ಹೊಸ ಹಗ್ಗ ಇನ್ನಾ ಬಲಿಯಾಕತ್ತಿರತದ. 2016ರಾಗ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ್ಯಾಗ ಒಂದು ಅಧ್ಯಯನ ಬಂತು. ಆಟಕ್ಕ ಮರಳೂದನ್ನ 9 ತಿಂಗಳ ತನಕ ಒಂದೊಂದು ತಿಂಗಳು ಮುಂದ ಹಾಕಿದಂಗ, ಮತ್ತ ಪೆಟ್ಟು ಬೀಳೂ ಪ್ರಮಾಣ ಪ್ರತಿ ತಿಂಗಳಿಗೂ ಸುಮಾರು ಅರ್ಧ ಕಡಿಮಿ ಆತು ಅಂತ. ಮಂಡ್ಯದ ತಮ್ಮನ ಕತಿ ಅದರ ಜೀವಂತ ಸಾಕ್ಷಿ.

ನೀ ಕ್ಯಾಪ್ ಬಗ್ಗೆ: ಬಸ್ಸಿನ್ಯಾಗ, ಗದ್ದಲದಾಗ ಬೇಕಂದ್ರ ಹಾಕೋರಿ. ದಿನವಿಡೀ ಹಾಕಿದ್ರ ಧೈರ್ಯ ಬರೂದು ಕ್ಯಾಪಿಗೆ, ನಿಮಗಲ್ಲ.

---

ಹಳ್ಳದಾಚೆ ಟೀಚರ್

ನಿಮ್ಮ ಉತ್ತರ ಮೂರು ಸಲ ಓದಿದೆ ಸರ್. ನಮ್ಮ ಅತ್ತೆಗೂ ಓದಿ ಹೇಳಿದೆ. ಸಂಕಕ್ಕೆ ಹೆದರೋದು ಸರಿ ಅಂತ ಒಬ್ಬರಾದ್ರೂ ಅಂದ್ರಲ್ಲ, ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಖರೇ ಜರುಗಿಲ್ಲ. ಆಪರೇಶನ್ ಆದ್ಮೇಲೆ ಒಮ್ಮೆಯೂ ಇಲ್ಲ. ಈಗ ಕೂತು ಯೋಚಿಸಿದಾಗಲೇ ಗೊತ್ತಾದದ್ದು. ನಾನು ಹೆದರ್ತಾ ಇರೋದು ಜನವರಿಯ ಮಂಡಿಗೆ, ಈಗಿನ ಮಂಡಿಗೆ ಅಲ್ಲ.

ಕುರ್ಚಿ ಪರೀಕ್ಷೆ ಮಾಡಿದೆ, ನಮ್ಮನೆಯವರು ಪಕ್ಕ ನಿಂತಿದ್ರು. ಬಲಗಾಲು 17. ಎಡಗಾಲು 6, ಏಳನೇದಕ್ಕೆ ಅರ್ಧ ಎದ್ದು ಕುಕ್ಕರಿಸಿದೆ. "ಗಟ್ಟಿಯಾಗಿದೆ" ಅಂದಿದ್ರಲ್ಲ, ಅದು ಒಳಗಿನ ಹಗ್ಗದ ಮಾತು ಅಂತ ಈಗ ಅರ್ಥ ಆಯ್ತು. ತೊಡೆಯ ಬಗ್ಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಪ್ರಶ್ನೆ. ವ್ಯಾಯಾಮ ಮಾಡುವಾಗ ಮಂಡಿಯೊಳಗೆ ಲಟಕ್ ಲಟಕ್ ಸದ್ದು ಬರ್ತದೆ. ನೋವಿಲ್ಲ. ಆದರೆ ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿಬಿಡ್ತೇನೆ.

---

ಹುಬ್ಳಿ ಫಿಸಿಯೋ

ನೋವಿಲ್ಲ, ಬಾವಿಲ್ಲ, ಸಿಕ್ಕೊಳ್ಳೂದಿಲ್ಲ ಅಂದ್ರ ಆ ಸದ್ದಿಗೆ ಹೆದರೂದು ಬ್ಯಾಡ. ನಂದೂ ಸದ್ದು ಮಾಡ್ತದ, ನನಗೇನೂ ಆಗಿಲ್ಲ. ಬಲಗಾಲಿನ ಮ್ಯಾಲೆ ಕೈ ಇಟ್ಟು ಮಡಚಿ ನೋಡ್ರಿ, ಅಲ್ಲೂ ಕೇಳಬಹುದು.

17ಕ್ಕ 6. ಹೆದರಿಕಿ ಸುಳ್ಳು ಹೇಳಿಲ್ಲ ನೋಡ್ರಿ.

---

ಸಾಗರದ ಶಾರದತ್ತೆ

ನಾನು ಇಲ್ಲಿ ಬರೆಯೋದು ಕಡಿಮೆ, ಮೊಮ್ಮಗಳು ಟೈಪ್ ಮಾಡಿಕೊಡ್ತಿದಾಳೆ. ತಂಗೀ, ನನಗೆ 63. 2009ರಲ್ಲಿ ಸ್ಕೂಟರಿಂದ ಬಿದ್ದು ಇದೇ ಎಸಿಎಲ್ ಹರಿದಿತ್ತು. ನಾನು ಆಪರೇಶನ್ ಮಾಡಿಸಲಿಲ್ಲ. ಡಾಕ್ಟರು "ನೀವು ಫುಟ್‌ಬಾಲ್ ಆಡ್ತೀರಾ" ಅಂತ ಕೇಳಿದ್ರು, ನಾನು "ಅಡಿಕೆ ಸುಲೀತೇನೆ" ಅಂದೆ. ಹಾಗಾದ್ರೆ ಮೊದಲು ವ್ಯಾಯಾಮ ಮಾಡಿ ನೋಡೋಣ, ಆಗಲೂ ಜಾರಿದರೆ ಆಪರೇಶನ್ ಅಂದ್ರು. ನನಗೆ ಅದು ಸರಿಬಂತು, ಎಲ್ಲರಿಗೂ ಬರ್ತದೆ ಅಂತ ಹೇಳೋದಿಲ್ಲ.

ಆದರೆ ನಾನು ಮಾಡಿದ ದಡ್ಡತನ ಬೇರೆ. ನಮ್ಮ ತೋಟ ಮನೆಯಿಂದ ಕೆಳಗೆ, ಇಳಿಜಾರು. ಎರಡು ವರ್ಷ ನಾನು ತೋಟಕ್ಕೆ ಇಳಿಯಲೇ ಇಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೂ ಕೊಯ್ಯೋಕೆ ಸೊಸೆ, ಎಲೆ ತರೋಕೆ ಮಗ. ನಾನು ಜಗುಲಿಯಲ್ಲಿ ಕೂತು ಕೂತು ತೊಡೆ ಬಡಕಲಾಯ್ತು, ತೂಕ ಏರಿತು, ಆಮೇಲೆ ಒಳ್ಳೆ ಮಂಡಿಯೂ ನೋಯೋಕೆ ಶುರುವಾಯ್ತು. ಬಿದ್ದದ್ದು ಒಂದು ದಿನ. ಉಳಿದದ್ದೆಲ್ಲ ಕೂತೇ ಹಾಳು ಮಾಡ್ಕೊಂಡದ್ದು.

ನನ್ನನ್ನ ಎಬ್ಬಿಸಿದ್ದು ಯಾವ ಫಿಸಿಯೋನೂ ಅಲ್ಲ, ಒಂದು ಕರು. ಹಗ್ಗ ಕಿತ್ತುಕೊಂಡು ತೋಟಕ್ಕೆ ಓಡಿತು, ಮನೆಯಲ್ಲಿ ಯಾರೂ ಇರಲಿಲ್ಲ. ಅರ್ಧ ಇಳಿದ ಮೇಲೆ ನಾನು ಇಳೀತಿದ್ದೇನೆ ಅಂತ ನೆನಪಾಯ್ತು. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಕರು ಬಂದು ಕೈ ನೆಕ್ಕಿತು.

ಒಂದು ಕೆಲಸದ ಮಾತು: ಆ 14 ಮೆಟ್ಟಿಲಿಗೆ ಅಡಿಕೆ ಸೋಗೆ (ಅಡಿಕೆ ಮರದ ಗರಿ) ಹಾಸಿ ಮಾರಾಯ್ತಿ. ಅಂಗಳಕ್ಕೆ ಹಾಸ್ತೀರಿ, ಮೆಟ್ಟಿಲಿಗೆ ಯಾಕೆ ಬಿಟ್ರಿ? ಸೋಗೆ ಕೊಳೆಯೋಕೆ ಶುರುವಾದರೆ ಅದೇ ಜಾರ್ತದೆ, ಅಷ್ಟರೊಳಗೆ ಬದಲಾಯಿಸಿ. ಮತ್ತೆ ಒಂದು ಬದಿಗೆ ಬಿದಿರು ಕಟ್ಟಿಸಿ, ಹಿಡಿಯೋಕೆ. ಗೋಡೆ ಹಿಡಿದ್ರೆ ಪಾಚಿ ಮಾತ್ರ ಕೈಗೆ ಬರೋದು.

---

ಹಳ್ಳದಾಚೆ ಟೀಚರ್ · ಸೆಪ್ಟೆಂಬರ್

ಏಳು ವಾರ ಆಯ್ತು, ಏನಾಯ್ತು ಅಂತ ಬರೀದೆ ಇದ್ರೆ ತಪ್ಪಾಗ್ತದೆ.

ಶಾರದತ್ತೆ, ಸೋಗೆ ಹಾಸಿದ್ದಾಯ್ತು, ಬಿದಿರೂ ಕಟ್ಟಿಸಿದ್ದಾಯ್ತು. ಬಿದಿರು ಕಟ್ಟಿದ ಮೇಲೆ ಅತ್ತೆಯೂ ಅದನ್ನೇ ಹಿಡಿದು ಇಳೀತಾರೆ, "ಇಷ್ಟು ವರ್ಷ ಯಾಕೆ ಕಟ್ಟಿಸಿರಲಿಲ್ಲ" ಅಂತ ಮಗನಿಗೆ ಬೈಗುಳ ಬೇರೆ.

ಹಾಳೆ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇನೆ. ಮೊದಲ ಎರಡು ವಾರ ನಾಲ್ಕು ಇಂಚಿನ ಮಣೆ. ಮೂರನೇ ದಿನ ಆಸೆ ಹೆಚ್ಚಾಗಿ ಅರವತ್ತು ಸಲ ಮಾಡಿದೆ, ಮರುದಿನ ಬಾವು. ಆ ದಿನ ತಾರೀಖಿನ ಮುಂದೆ "ಅತಿಯಾಸೆ" ಅಂತ ಬರೆದಿದ್ದೇನೆ. ಆಮೇಲೆ ಆರು ಇಂಚು. ವಿಡಿಯೋ ತೆಗೆದದ್ದು ನಮ್ಮ ಮಗ. "ಅಮ್ಮಾ, ನಿನ್ನ ಮಂಡಿ ಒಳಗೆ ಇಣುಕ್ತಾ ಇದೆ" ಅಂದ. ನೋಡಿದ್ರೆ ಹೌದು, ಎಡಮಂಡಿ ಬಲಮಂಡಿಗೆ ಗುಟ್ಟು ಹೇಳೋ ಹಾಗೆ ಒಳಗೆ ವಾಲ್ತಾ ಇತ್ತು. ನನ್ನ ಫಿಸಿಯೋ ಅವರಿಗೆ ವಿಡಿಯೋ ತೋರಿಸಿದೆ. ಅವತ್ತು ಮೊದಲ ಸಲ ಅವರು ನನ್ನ ಹತ್ರ ಇಪ್ಪತ್ತು ನಿಮಿಷ ಕೂತರು, ಸೊಂಟದ ಬದಿಗೆ ಬೇರೆ ವ್ಯಾಯಾಮ ಕೊಟ್ಟರು. ಕೇಳೋ ರೀತಿಯಲ್ಲಿ ಕೇಳಬೇಕಿತ್ತು ಅನ್ಸುತ್ತೆ.

ಸಂಕಕ್ಕೆ ಬೇರೆ ಉಪಾಯ ಮಾಡಿದೆ. ಶಾಲೆಯ ಜಗುಲಿಯಲ್ಲಿ ಬಳಪದಲ್ಲಿ ಉದ್ದ ಗೆರೆ ಎಳೆದು, ಮಕ್ಕಳ ಜೊತೆ ಗೆರೆ ಮೇಲೆ ನಡೆಯೋ ಆಟ. ಆಮೇಲೆ ಮನೆಯಲ್ಲಿ ನಮ್ಮನೆಯವರು ಒಂದು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ತಂದು ನೆಲದ ಮೇಲೆ ಹಾಕಿದ್ರು, ಅದರ ಮೇಲೆ ನಡೆದೆ. ಈಗ ಅದರ ಎರಡು ತುದಿಗೂ ಒಂದೊಂದು ಇಟ್ಟಿಗೆ ಕೊಟ್ಟಿದೆ. ಬಿದ್ದರೆ ಒಂದು ಗೇಣು. ಆದರೂ ಮೊದಲ ದಿನ ಕಾಲಡಿಯಲ್ಲಿ ಹಳ್ಳದ ಸದ್ದು ಕೇಳಿಸ್ತಾ ಇತ್ತು, ದೇವರಾಣೆ. ಹುಬ್ಬಳ್ಳಿ ಸರ್, ಇದನ್ನ ನಿಮ್ಮನ್ನ ಕೇಳದೇ ಮಾಡಿದೆ, ಬೈಬೇಡಿ.

ಒಂಟಿಕಾಲಲ್ಲಿ ನಿಲ್ಲೋದು ಎರಡನೇ ತರಗತಿ ಮಕ್ಕಳ ಜೊತೆ ದಿನಾ ಪ್ರಾರ್ಥನೆ ಆದ್ಮೇಲೆ. ಅವರು ಕುಂಟಾಬಿಲ್ಲೆಗೂ ಕರೀತಾರೆ, ಅದು ಇನ್ನೂ ಇಲ್ಲ ಅಂದಿದ್ದೇನೆ. ಬಳಪದ ಹುಡುಗನಿಗೆ ಒಂದು ಕೆಲಸ ಕೊಟ್ಟೆ: ಹೇಳದೇ ಕೇಳದೇ ದಿನಕ್ಕೆ ಮೂರು ಬಳಪದ ಚೂರು ಮುರಿಯೋದು. ಸರ್ಕಾರಿ ಬಳಪ, ಕ್ಷಮಿಸಿ. ಎರಡು ವಾರದಲ್ಲಿ ಕೈ ಮಂಡಿಗೆ ಹೋಗೋದು ನಿಂತಿತು. ಹುಡುಗನಿಗೆ ಈಗ ಬೇಜಾರು, ಕೆಲಸ ಹೋಯ್ತಲ್ಲ ಅಂತ.

ಕುರ್ಚಿ ಲೆಕ್ಕ: ಬಲಗಾಲು 19, ಎಡಗಾಲು 13. ಮೆಟ್ಟಿಲು ಈಗ ಒಂದೊಂದಕ್ಕೆ ಒಂದೊಂದು ಕಾಲು ಹಾಕಿ ಇಳೀತೇನೆ, ಬಿದಿರಿಗೆ ಎರಡು ಬೆರಳು. ದಣಪೆ ದಾಟ್ತೇನೆ. ಮಳೆ ಜೋರು ಬಂದ ದಿನ ಮತ್ತೆ ಮರದ ಕಾಲು ಬರ್ತದೆ, ಆ ದಿನ ಎರಡೂ ಕಾಲು ಕೂಡಿಸಿಯೇ ಇಳಿಯೋದು. ಸಂಕ ದಾಟಿಲ್ಲ. ನೀರು ಇನ್ನೂ ಮೇಲೆ ಇದೆ, ದೀಪಾವಳಿ ಹೊತ್ತಿಗೆ ನೋಡೋಣ.

ನಡುವೆ ಎರಡು ದಿನ ಎಲ್ಲ ಕೆಟ್ಟಿತ್ತು, ಅದನ್ನೂ ಬರೀಬೇಕು. ತಂಡದವರು ಅಭ್ಯಾಸಕ್ಕೆ ಕರೆದಿದ್ರು, ಸುಮ್ಮನೆ ನೋಡೋಕೆ ಅಂತ ಹೋದೆ. ನನ್ನ ವೇಷ ಇನ್ನೊಬ್ಬಳು ಮಾಡ್ತಿದ್ದಳು. ಅವಳು ಹಾರಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವಳ ಮಂಡಿಗೆ ಹೆದರಿಯೋ, ಹೊಟ್ಟೆಕಿಚ್ಚಿಗೋ, ಈಗಲೂ ಗೊತ್ತಿಲ್ಲ. ಮನೆಗೆ ಬಂದು ಎರಡು ದಿನ ಮಣೆ ಮುಟ್ಟಲಿಲ್ಲ.

ಆಮೇಲೆ ಭಾಗವತರೇ ಫೋನ್ ಮಾಡಿ, ಮುಂದಿನ ಶನಿವಾರ ದೇವಸ್ಥಾನದಲ್ಲಿ ತಾಳಮದ್ದಳೆ ಇದೆ, ಅಭಿಮನ್ಯುವಿನ ಅರ್ಥ ನೀನು ಹೇಳು ಅಂದ್ರು. ಕುಣಿತ ಇಲ್ಲ, ವೇಷ ಇಲ್ಲ, ಕೂತು ಮಾತಾಡೋದು. ಒಪ್ಪಿಕೊಂಡೆ. ಸರ್, ಕೇಳಬೇಕಾದ್ದು ಇದೇ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮೂರು ತಾಸು ಕೂರಬೇಕು. ಆಗಬಹುದಾ, ಕುರ್ಚಿ ಕೇಳ್ಲಾ? ಕುರ್ಚಿ ಕೇಳೋಕೆ ಒಂಥರಾ ಆಗ್ತದೆ, ಉಳಿದವರೆಲ್ಲ ನೆಲಕ್ಕೇ ಕೂರೋದು.

---

ಹುಬ್ಳಿ ಫಿಸಿಯೋ

6ರಿಂದ 13. ಶಭಾಶ್ ರೀ ಟೀಚರ್. ದಬ್ಬಿಗೆ ಬೈಯೂದಿಲ್ಲ, ನನ್ನ ಪೇಶೆಂಟ್ ಒಬ್ಬರಿಗೆ ಅದನ್ನ ಹೇಳಾಂವ ಇದ್ದೀನಿ. ಇಲ್ಲಿ ಅಡಿಕಿ ಮರ ಸಿಗೂದಿಲ್ಲ, ಹಲಗಿ ಹುಡಕಬೇಕು.

ಕುರ್ಚಿ ಕೇಳ್ರಿ. ಮೂರು ತಾಸು ಮಡಚಿಟ್ಟ ಮಣಕಾಲು ಏಳುವಾಗ ಬಿಗೀತದ, ಆಗ ಮತ್ತ ಹೆದರಿಕಿ ಬರತದ. ಅರ್ಧ ತಾಸಿಗೊಮ್ಮೆ ಕಾಲು ನೇರ ಚಾಚ್ರಿ. ಯಾರರ ಕೇಳಿದ್ರ ಅಭಿಮನ್ಯು ರಾಜಕುಮಾರ, ನೆಲಕ್ಕ ಯಾಕ ಕೂಡತಾನ ಅನ್ರಿ.